ಬೀದರಿನ ಕೋಟೆ ಕಲಿಸುವ ಪಾಠ



ಮೇಲಿನ ತರಗತಿಯ ಬಾಲಿಕೆಯರನ್ನು ನಾವು ಜನವಾಡದಿಂದ ಬೀದರಿಗೆ ಕರೆದುಕೊಂಡು ಹೋಗಿ ಕೋಟೆಯನ್ನು ತೋರಿಸಿದೆವು. ಬಂಡೆಯಲ್ಲಿ ಕೊರೆದ ಮೂರು ಸಾಲು ಕಂದಕವನ್ನು ನೋಡಿ ಒಬ್ಬ ಹುಡುಗಿ, "ಇಷ್ಟು ಬಲವಾದ ಕೋಟೆಯಿದ್ದೂ ಈ ಅರಸರು ಏಕೆ ಉಳಿಯಲಿಲ್ಲ?" ಎಂದು ಕೇಳಿದಳು. ಅಂದು ನಾವು ಕೊಟ್ಟ ಉತ್ತರ ಚಿಕ್ಕದು. ಆ ಪ್ರಶ್ನೆ ದೊಡ್ಡವರಾದ ನಮಗೂ ತಕ್ಕದ್ದಾಗಿರುವದರಿಂದ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವೆವು.

ಬಹಮನೀ ರಾಜ್ಯವು 1347ರಲ್ಲಿ ದಿಲ್ಲಿಯ ಆಳಿಕೆಯಿಂದ ಬೇರ್ಪಟ್ಟು ಹುಟ್ಟಿತು. ಮೊದಲು ಕಲಬುರ್ಗಿಯಲ್ಲಿದ್ದ ರಾಜಧಾನಿಯನ್ನು ಸುಲ್ತಾನ ಅಹಮದ ಶಹನು ಬೀದರಿಗೆ ತಂದನು. 1453ರಲ್ಲಿ ಇರಾಣದ ಗೀಲಾನದಿಂದ ಇಲ್ಲಿಗೆ ಬಂದ ಮಹಮೂದ ಗವಾನನು ಮುಂದೆ ಪ್ರಧಾನಮಂತ್ರಿಯಾದನು. ಅವನ ಕಾಲದಲ್ಲಿ, 1472ರಲ್ಲಿ, ಗೋವೆಯು ರಾಜ್ಯಕ್ಕೆ ಸೇರಿತು. ಯುದ್ಧದ ಕುದುರೆಗಳು ಸಮುದ್ರದಾಚೆಯಿಂದ ಬರುತ್ತಿದ್ದುದರಿಂದ ಆ ಬಂದರು ಯಾರ ಕೈಯಲ್ಲಿದೆಯೆಂಬುದೇ ಮುಖ್ಯವಾಗಿತ್ತು.

ಆದರೆ ಗೆಲ್ಲುವದು ಒಂದು ಕೆಲಸ, ಆಳುವದು ಇನ್ನೊಂದು. ದೂರದ ಸೀಮೆಯ ಕಂದಾಯವನ್ನು ಅರಸನು ರಾಜಧಾನಿಯಲ್ಲಿ ಕುಳಿತು ಎತ್ತಲಾರನು. ಆದಕಾರಣ ಸೀಮೆಯನ್ನು ಒಬ್ಬ ಸರದಾರನಿಗೆ ಒಪ್ಪಿಸಿ, ಅದರ ಹುಟ್ಟುವಳಿಯಿಂದ ದಂಡನ್ನು ಸಾಕೆಂದು ಹೇಳುವನು. ತುರ್ಕರ ಉಸ್ಮಾನೀ ರಾಜ್ಯದಲ್ಲಿ ಇದಕ್ಕೆ ತಿಮಾರ್ ಎಂದೂ ಮೊಗಲರಲ್ಲಿ ಜಾಗೀರ್ ಎಂದೂ ಹೆಸರು. ಭೂಮಿ, ಕೋಟೆ, ಕುದುರೆ ಈ ಮೂರೂ ಒಬ್ಬನ ಕೈಗೆ ಸಿಕ್ಕಿದರೆ ಅವನು ತಾನೇ ಅರಸನಾಗಲು ಎಷ್ಟು ಹೊತ್ತು?

ಗವಾನನು ಈ ರೋಗವನ್ನು ಚೆನ್ನಾಗಿ ಅರಿತಿದ್ದನು. ನಾಲ್ಕು ತರಫುಗಳೆಂಬ ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದನು. ತರಫದಾರನಿಗೆ ಒಂದೇ ಕೋಟೆಯನ್ನು ಬಿಟ್ಟು, ಉಳಿದ ಕೋಟೆಗಳಿಗೆ ಸುಲ್ತಾನನ ಕಡೆಯಿಂದ ಕಿಲ್ಲೇದಾರರನ್ನು ನೇಮಿಸಿದನು. ಭೂಮಿಯನ್ನು ಅಳೆಯಿಸಿದನು. ದಖನಿಗಳಿಗೂ ಪರದೇಶದಿಂದ ಬಂದ ಅಫಾಕಿಗಳಿಗೂ ಅಧಿಕಾರವನ್ನು ಸಮನಾಗಿ ಹಂಚಲು ಯತ್ನಿಸಿದನು. ಬೀದರಿನ ಪೇಟೆಯೊಳಗೆ ಮದರಸೆಯನ್ನೂ ಕಟ್ಟಿಸಿದನು. ಅದರ ಒಂದು ಮಿನಾರು ಇಂದಿಗೂ ನಿಂತಿದೆ.

ಅಧಿಕಾರ ಕಳಕೊಂಡವರು ಸುಮ್ಮನಿರಲಿಲ್ಲ. ಮಂತ್ರಿಯ ಮುದ್ರೆಯಿದ್ದ ಬರಿಯ ಕಾಗದವನ್ನು ಸಂಪಾದಿಸಿ, ಅವನು ಒಡಿಸ್ಸಾದ ಅರಸನಿಗೆ ದ್ರೋಹದ ಪತ್ರ ಬರೆದನೆಂದು ತೋರಿಸಿದರು. ಮೂರನೆಯ ಮಹಮ್ಮದ ಶಹನು ವಿಚಾರಣೆ ಮಾಡದೆ 1481ರಲ್ಲಿ ಆ ವೃದ್ಧನನ್ನು ಕೊಲ್ಲಿಸಿದನು. ಮರುವರ್ಷವೇ ತಾನೂ ಸತ್ತನು. ಹತ್ತು ವರ್ಷ ತುಂಬುವದರೊಳಗೆ ಬಿಜಾಪುರ, ಅಹಮದನಗರ, ವರ್ಹಾಡದ ಸರದಾರರು ಸ್ವತಂತ್ರರಾದರು. ತರುವಾಯ ಗೋಲ್ಕೊಂಡವೂ ಬೇರೆಯಾಯಿತು. ಬೀದರು ಬರೀದಶಾಹಿಗಳ ಕೈಸೇರಿತು. ಕೋಟೆಯ ಒಂದು ಕಲ್ಲೂ ಅಲುಗದೆ ರಾಜ್ಯವು ಒಡೆದುಹೋಯಿತು.

ಅರಸರು ಧರ್ಮವನ್ನೂ ಆಧಾರ ಮಾಡಿಕೊಂಡರು. ಅಹಮದ ಶಹನು ಕಿರ್ಮಾನದ ಸೂಫಿ ಸಂತ ಶಹ ನಿಯಾಮತುಲ್ಲಾನ ವಂಶದವರನ್ನು ಬೀದರಿಗೆ ಕರೆಯಿಸಿ ಬಹುವಾಗಿ ಗೌರವಿಸಿದನು. ಸಂತರ ಆಶೀರ್ವಾದವು ಸಿಂಹಾಸನಕ್ಕೆ ಮಾನ ತರುತ್ತಿತ್ತು. 1501ರಲ್ಲಿ ಇರಾಣದ ಶಹ ಇಸ್ಮಾಯಿಲನು ಶಿಯಾ ಪಂಥವನ್ನೇ ರಾಜ್ಯದ ಧರ್ಮವೆಂದು ಸಾರಿದನು. 1657ರಲ್ಲಿ ಔರಂಗಜೇಬನು ಬೀದರಿಗೆ ಮುತ್ತಿಗೆ ಹಾಕಿ 27 ದಿನಗಳಲ್ಲಿ ಗೆದ್ದನು. ಮದ್ದಿನ ಮನೆಗೆ ಬೆಂಕಿ ತಗುಲಿ ಕಿಲ್ಲೇದಾರ ಸಿದ್ದಿ ಮರ್ಜಾನನು ಸುಟ್ಟು ಗಾಯಗೊಂಡಿದ್ದನು. ಗೆದ್ದ ಕೂಡಲೇ ಕೋಟೆಯ ಹಳೆಯ ಮಸೀದಿಯಲ್ಲಿ ತಂದೆ ಶಹಜಹಾನನ ಹೆಸರಿನಿಂದ ಖುತ್ಬಾ ಓದಿಸಿದನು. ಮಸೀದಿ ಅದೇ, ಪ್ರಾರ್ಥನೆ ಅದೇ; ಅರಸನ ಹೆಸರು ಮಾತ್ರ ಬೇರೆ. ಊರಿಗೂ ಜಫರಾಬಾದ ಎಂಬ ಹೊಸ ಹೆಸರಾಯಿತು. ಆದರೆ ಜನರ ಬಾಯಲ್ಲಿ ಉಳಿದುದು ಬೀದರೇ.

ಮೊಗಲರು ಸುಬೇದಾರರನ್ನು ಆಗಾಗ ವರ್ಗಮಾಡಿ ಹಳೆಯ ರೋಗವನ್ನು ತಡೆಯಲು ನೋಡಿದರು. ಆದರೂ 1724ರಲ್ಲಿ ಅವರದೇ ದಖನಿನ ಸುಬೇದಾರನಾಗಿದ್ದ ನಿಜಾಮ್-ಉಲ್-ಮುಲ್ಕನು ಸ್ವತಂತ್ರನಾದನು. ಬೀದರು 1948ರ ವರೆಗೆ ಅವನ ವಂಶದವರ ಆಳಿಕೆಯಲ್ಲಿತ್ತು.

ಈಗ ಬಾಲಿಕೆಯ ಪ್ರಶ್ನೆಗೆ ಉತ್ತರ ಹೇಳಬಹುದು. ಕೋಟೆಯು ಹೊರಗಿನ ವೈರಿಯನ್ನು ತಡೆಯುವದು. ಒಳಗಿನ ಅನ್ಯಾಯವನ್ನು ತಡೆಯಲಾರದು. ವಿಚಾರಣೆಯಿಲ್ಲದೆ ಒಬ್ಬ ನ್ಯಾಯವಂತನನ್ನು ಕೊಂದ ದಿನವೇ ಬಹಮನಿಗಳ ಗೋಡೆ ಬಿದ್ದಿತೆಂದು ನಾವು ನಂಬುತ್ತೇವೆ.

ಇನ್ನೊಂದು ಮಾತು. ಅಷ್ಟೂರಿನಲ್ಲಿ ಅಹಮದ ಶಹನ ಗೋರಿಯ ಬಳಿ ವರ್ಷಕ್ಕೊಮ್ಮೆ ಉರುಸು ನೆರೆಯುತ್ತದೆ. ಅಲ್ಲಿ ಮುಸಲ್ಮಾನರೊಡನೆ ಲಿಂಗಾಯತ ಜಂಗಮರೂ ಪೂಜೆ ಸಲ್ಲಿಸುವರು. ಇದನ್ನು ಇಂದು ಯಾವ ಅರಸನೂ ಆಜ್ಞಾಪಿಸುವದಿಲ್ಲ. ಆಜ್ಞೆಯಿಂದ ಓದಿಸಿದ ಹೆಸರುಗಳು ಅಳಿದವು. ಜನರು ತಾವಾಗಿ ತೋರಿದ ಭಕ್ತಿ ಉಳಿಯಿತು.

ನಿಮ್ಮಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರು, ದಾದಿಯರು, ಮನೆಯ ಯಜಮಾನಿಯರು ಆಗಿರುವಿರಿ. ನಿಮ್ಮ ಕೈಕೆಳಗೂ ಕೆಲವರಿರುವರು. ಯಾರ ಮೇಲಾದರೂ ದೂರು ಬಂದಾಗ, ಅವರ ಮಾತನ್ನೂ ಕೇಳಿದ ಬಳಿಕವೇ ತೀರ್ಮಾನಿಸಿರಿ. ನಮ್ಮ ಕೋಟೆಯ ಪಾಠವು ಇದೇ.