ಪಾದದ ನಾಡಿ ಸಿಗದಿದ್ದಾಗ

ಅಭ್ಯಾಸ ಬೋಧನೆಯ ಎರಡನೇ ವಾರ ನನಗೆ ಹತ್ತನೇ ತರಗತಿಯ 'ಜೀವಕ್ರಿಯೆಗಳು' ಘಟಕದಲ್ಲಿ ರಕ್ತಪರಿಚಲನೆಯ ಭಾಗ ಬಂತು. ಹೃದಯದ ಚಿತ್ರ ಬರೆಸಿ ಮುಗಿಸುವ ಬದಲು ಒಂದು ಚಟುವಟಿಕೆ ಇಟ್ಟುಕೊಂಡೆ. ಮಣಿಕಟ್ಟಿನ ನಾಡಿ ಎಲ್ಲರಿಗೂ ಗೊತ್ತು; ಪಾದದಲ್ಲೂ ಸಿಗುತ್ತದೆ ಎಂದಾಗ ಯಾರೂ ನಂಬಲಿಲ್ಲ. ಹೆಬ್ಬೆರಳಿನ ಸಂದಿಯಿಂದ ಪಾದದ ಮೇಲೆ ಹಿಂದಕ್ಕೆ ಬಂದರೆ ಒಂದು ಕಡೆ, ಒಳಗಿನ ಗಿಣ್ಣಿನ ಹಿಂದೆ ಇನ್ನೊಂದು ಕಡೆ. ಜೋರಾಗಿ ಒತ್ತಿದರೆ ತಪ್ಪಿಹೋಗುತ್ತದೆ. ಬೆರಳುಗಳನ್ನು ಹಗುರವಾಗಿ ಇಡಬೇಕು. ಹತ್ತು ನಿಮಿಷದ ಚಟುವಟಿಕೆ ಇಪ್ಪತ್ತೈದು ನಿಮಿಷ ತಿಂದಿತು. ಉತ್ಸಾಹದಲ್ಲಿ, ಮನೆಯ ಹಿರಿಯರ ಪಾದದಲ್ಲೂ ನೋಡಿ ಬನ್ನಿ ಎಂದೆ. ಪಾಠಯೋಜನೆಯಲ್ಲಿ ಇದು ಇರಲಿಲ್ಲ.

ಮರುದಿನ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ನಮ್ ತಾತಂಗೆ ಎಡಗಾಲಲ್ಲಿ ಎರಡೂ ಕಡೆ ಸಿಗ್ಲಿಲ್ಲ. ಕಾಲು ತಣ್ಣಗಿದೆ. ಹೊಲಕ್ಕೆ ಹೋಗುವಾಗ ಮೀನಖಂಡ ಹಿಡ್ಕೊಳ್ಳುತ್ತೆ, ಸ್ವಲ್ಪ ಕೂತ್ರೆ ಬಿಡುತ್ತೆ."

"ಹಾಗಾದ್ರೆ ಅಪಧಮನಿ ಕಟ್ಟಿಕೊಂಡಿದೆ" ಎಂದುಬಿಟ್ಟೆ.

"ಕಾಲು ತೆಗೀತಾರಾ ಮಿಸ್?"

ತರಗತಿ ಸ್ತಬ್ಧವಾಯಿತು. ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: "ರೋಗ ಹೇಳುವುದು ವೈದ್ಯರ ಕೆಲಸ. ಭಯ ಹುಟ್ಟಿಸಿದ್ದೀರಿ, ಪಾಠ ಅಲ್ಲಿಗೆ ನಿಲ್ಲಬಾರದು."

ಅಂದು ಸಂಜೆ ಓದಿ, ಮುಂದಿನ ಅವಧಿಯನ್ನು ಇದಕ್ಕೇ ಕೊಟ್ಟೆ. ಆರೋಗ್ಯವಂತರಲ್ಲೂ ಕೆಲವರಿಗೆ ಪಾದದ ಮೇಲಿನ ನಾಡಿ ಸಿಗುವುದಿಲ್ಲ ಎಂದು ಮೊದಲೇ ಹೇಳಿದೆ. ಹಿಂದಿನ ದಿನವೇ ಹೇಳಬೇಕಿತ್ತು. ವೈದ್ಯರು ನಾಡಿಯೊಂದನ್ನೇ ನಂಬುವುದಿಲ್ಲ. ರೋಗಿಯನ್ನು ಮಲಗಿಸಿ ತೋಳಿನ ಮತ್ತು ಗಿಣ್ಣಿನ ಸಂಕೋಚನ ಒತ್ತಡವನ್ನು ಡಾಪ್ಲರ್ ಉಪಕರಣದಿಂದ ಅಳೆದು ಭಾಗಿಸುತ್ತಾರೆ. ಗಿಣ್ಣಿನಲ್ಲಿ 98, ತೋಳಿನಲ್ಲಿ 140 ಎಂದು ಕೊಟ್ಟೆ, ಮಕ್ಕಳು 0.70 ಎಂದರು. 1.00ರಿಂದ 1.40 ಸಹಜ, 0.90 ಅಥವಾ ಕಡಿಮೆ ಇದ್ದರೆ ಅಪಧಮನಿ ಕಿರಿದಾಗಿದೆ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ 1.40 ದಾಟಬಹುದು, ಆಗ ಆ ಸಂಖ್ಯೆಯನ್ನು ನಂಬುವಂತಿಲ್ಲ. ದಶಮಾಂಶಕ್ಕೆ ಇಷ್ಟು ಗಮನ ಕೊಟ್ಟ ತರಗತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಚಿಕಿತ್ಸೆಯ ಭಾಗದಲ್ಲಿ ಮಕ್ಕಳಿಗೆ ಅಚ್ಚರಿಯಾದದ್ದು ನಡಿಗೆ. ನೋವು ಬರುವವರೆಗೆ ನಡೆದು, ನಿಂತು, ನೋವು ಇಳಿದ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಮೂರು ಸಲವಾದರೂ, ಹನ್ನೆರಡು ವಾರ. ಬೀಡಿ ಪೂರ್ತಿ ಬಿಡಬೇಕು. ಕೊಬ್ಬು ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಇವು ಸಾಲದಿದ್ದರೆ ಬಲೂನ್ ಹಾಕಿ ನಾಳ ಹಿಗ್ಗಿಸುವುದು ಅಥವಾ ಬೈಪಾಸ್. ನಡೆದಾಗ ಮಾತ್ರ ನೋವಿರುವವರಲ್ಲಿ ಹೆಚ್ಚಿನವರು ಕಾಲು ಕಳೆದುಕೊಳ್ಳುವುದಿಲ್ಲ ಎಂದು ಆ ಹುಡುಗನನ್ನೇ ನೋಡಿ ಹೇಳಿದೆ. ಆದರೆ ಮಲಗಿದಾಗಲೂ ನೋವು, ಮಾಯದ ಹುಣ್ಣು, ಇದ್ದಕ್ಕಿದ್ದಂತೆ ಕಾಲು ಬಿಳಿಚಿ ಮರಗಟ್ಟುವುದು ಕಂಡರೆ ತಡಮಾಡಬಾರದು. ಕೊನೆಯದಕ್ಕೆ ಗಂಟೆಗಳ ಲೆಕ್ಕ.

ಆಗ ಅವನು, "ಅಜ್ಜಿ ದಿನಾ ಬಿಸಿನೀರಿನ ಶಾಖ ಕೊಡ್ತಾರೆ ಮಿಸ್, ವಾಯು ಅಂತ" ಎಂದ. ರಕ್ತ ಕಡಿಮೆ ಹರಿಯುವ ಕಾಲು ಬೇಗ ಸುಡುತ್ತದೆ, ಗಾಯ ಮಾಯುವುದು ಕಷ್ಟ. ಇವತ್ತೇ ನಿಲ್ಲಿಸಲು ಹೇಳು ಎಂದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಮನೆಯವರಿಗೆ ಚೀಟಿ ಬರೆದೆ. ಅದರಲ್ಲಿ ರೋಗದ ಹೆಸರು ಹಾಕಲಿಲ್ಲ: ಎಡಪಾದದಲ್ಲಿ ನಾಡಿ ಸಿಗುತ್ತಿಲ್ಲ, ನಡೆದರೆ ನೋವು, ದಯವಿಟ್ಟು ವೈದ್ಯರಿಗೆ ತೋರಿಸಿ.

ನಮ್ಮ ಅವಧಿ ಮುಗಿಯುವ ಹಿಂದಿನ ದಿನ ಹುಡುಗ ಬಂದು ಆಸ್ಪತ್ರೆಯ ಚೀಟಿ ತೋರಿಸಿದ. ಎಡಗಾಲು 0.66. ಮಾತ್ರೆ ಬರೆದಿದ್ದಾರೆ, ನಡೆಯಲು ಹೇಳಿದ್ದಾರೆ. ತಾತ ಬೀಡಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರಂತೆ.