ಕುಲ, ವರ್ಣ ಮತ್ತು ‘ಕ್ಲಾನ್’: ಒಂದು ಅನುವಾದ ಸಮಸ್ಯೆ

ಬಿಳಿಯರ ಶ್ರೇಷ್ಠತೆಯನ್ನು ಪ್ರತಿಪಾದಿಸುವ ಅಮೆರಿಕದ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಸದಸ್ಯನನ್ನು ಇಂಗ್ಲಿಷಿನಲ್ಲಿ ‘ಕ್ಲಾನ್ಸ್‌ಮನ್’ ಎನ್ನಲಾಗುತ್ತದೆ. ಈ ಪದವನ್ನು ಕನ್ನಡಕ್ಕೆ ತರುವಾಗ ಎದುರಾಗುವ ತೊಡಕು ಕೇವಲ ನಿಘಂಟಿಗೆ ಸಂಬಂಧಿಸಿದುದಲ್ಲ. ಹುಟ್ಟು ಮತ್ತು ಆಯ್ಕೆಗಳ ನಡುವಣ ಅಂತರದ ಪ್ರಶ್ನೆಯೂ ಅದರಲ್ಲಡಗಿದೆ.

ಅಮೆರಿಕದ ಅಂತರ್ಯುದ್ಧ ಮುಗಿದ 1865ರಲ್ಲಿ, ಸೋತ ದಕ್ಷಿಣ ಪಕ್ಷದ ಮಾಜಿ ಸೈನಿಕರು ಟೆನೆಸ್ಸಿಯ ಪುಲಾಸ್ಕಿಯಲ್ಲಿ ಈ ಸಂಘಟನೆಯನ್ನು ಕಟ್ಟಿದರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪುಜನರನ್ನು ಅದು ಹಿಂಸೆಯಿಂದ ಹತ್ತಿಕ್ಕಿತು. ‘ವೃತ್ತ’ ಎಂಬರ್ಥದ ಗ್ರೀಕ್ ಶಬ್ದಕ್ಕೆ ‘ಕ್ಲಾನ್’ ಸೇರಿ ಈ ಹೆಸರಾಯಿತೆಂಬುದು ಪ್ರಚಲಿತ ನಿಷ್ಪತ್ತಿ. ‘ಕ್ಲಾನ್’ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಪದ. ‘ಮಕ್ಕಳು, ಸಂತತಿ’ ಎಂಬುದು ಅದರ ಮೂಲಾರ್ಥ. ಥಾಮಸ್ ಡಿಕ್ಸನ್ನನ ‘ದಿ ಕ್ಲಾನ್ಸ್‌ಮನ್’ (1905) ಕಾದಂಬರಿಯೂ ಅದನ್ನಾಧರಿಸಿದ 1915ರ ಚಲನಚಿತ್ರವೂ ಈ ಸದಸ್ಯನನ್ನು ವೀರನಂತೆ ಚಿತ್ರಿಸಿದವು. ಅದೇ ವರ್ಷ ಸಂಘಟನೆ ಜಾರ್ಜಿಯಾದಲ್ಲಿ ಮರುಹುಟ್ಟು ಪಡೆಯಿತು.

ಮಾನವಶಾಸ್ತ್ರದ ಕನ್ನಡ ಬರಹಗಳಲ್ಲಿ ‘ಕ್ಲಾನ್’ ಪದಕ್ಕೆ ಕುಲ, ಬೆಡಗು, ಬಳಿ ಎಂಬ ಸಮಾನಪದಗಳಿವೆ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರನ್ನೊಳಗೊಂಡ ಹಳೆಯ ಮೈಸೂರು ಸೀಮೆಯಲ್ಲಿ ಹೆಣ್ಣು ಕೇಳುವ ಮುನ್ನ ಕುಲ, ಮನೆದೇವರುಗಳನ್ನು ವಿಚಾರಿಸುವ ರೂಢಿ ಅನೇಕ ಸಮುದಾಯಗಳಲ್ಲಿದೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು. ಅವರಲ್ಲಿ ಕೊಟ್ಟು ತರುವ ಸಂಬಂಧ ಸಲ್ಲದು. ಅಂದರೆ ಬೆಡಗು ಹುಟ್ಟಿನಿಂದ ಬರುವಂಥದು ಮತ್ತು ತನ್ನ ಹೊರಗೆ ಸಂಬಂಧ ಬೆಳೆಸಬೇಕಾದದ್ದು. ಕ್ಲಾನ್ ಸಂಘಟನೆಯಾದರೋ ಪ್ರಮಾಣವಚನ ಸ್ವೀಕರಿಸಿ ಸೇರುವ ಗುಂಪು. ಜನಾಂಗದ ಹೊರಗಿನ ವಿವಾಹವನ್ನು ಅದು ನಿಷೇಧಿಸುತ್ತದೆ. ಆದುದರಿಂದ ‘ಕುಲಸ್ಥ’ ಎಂಬ ಅನುವಾದವು ಬುದ್ಧಿಪೂರ್ವಕವಾಗಿ ಆಯ್ದುಕೊಂಡ ದ್ವೇಷವನ್ನು ಹುಟ್ಟುಗುಣವಾಗಿಸಿ, ಸದಸ್ಯನ ಹೊಣೆಯನ್ನೇ ಮರೆಸುತ್ತದೆ.

‘ವರ್ಣಶ್ರೇಷ್ಠತಾವಾದಿ’ ಎಂಬ ರೂಪದಲ್ಲಿ ತೊಡಕು ಬೇರೆ ಬಗೆಯದು. ದಕ್ಷಿಣ ಆಫ್ರಿಕಾದ ಸಂದರ್ಭದಲ್ಲಿ ‘ವರ್ಣಭೇದ ನೀತಿ’ ನೆಲೆಯೂರಿದೆಯಾದರೂ, ‘ವರ್ಣ’ವು ಬಣ್ಣವನ್ನೂ ಚಾತುರ್ವರ್ಣ್ಯವನ್ನೂ ಏಕಕಾಲಕ್ಕೆ ಧ್ವನಿಸುತ್ತದೆ. 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಯನ್ನೂ ಜನಾಂಗೀಯ ತಾರತಮ್ಯದ ಜೊತೆಗೆ ಚರ್ಚಿಸಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದವು. ಭಾರತ ಸರ್ಕಾರ ಅದನ್ನು ವಿರೋಧಿಸಿತು. ಈ ಹೋಲಿಕೆ ವಾದದ ಮೂಲಕ ಸ್ಥಾಪಿತವಾಗಬೇಕೇ ಹೊರತು ಪದದ ಶ್ಲೇಷೆಯ ಮೂಲಕವಲ್ಲ.

ಒಟ್ಟಿನಲ್ಲಿ, ವಿಚಾರಧಾರೆಯನ್ನು ಸೂಚಿಸಲು ‘ಬಿಳಿಯ ಶ್ರೇಷ್ಠತಾವಾದಿ’ಯೂ, ನಿರ್ದಿಷ್ಟ ಸಂಘಟನೆಗೆ ಸೇರಿದವನನ್ನು ಸೂಚಿಸಲು ‘ಕ್ಲಾನ್ ಸದಸ್ಯ’ನೂ ಸೂಕ್ತ. ಮೊದಲನೆಯವರೆಲ್ಲ ಎರಡನೆಯವರಲ್ಲ. ‘ಸದಸ್ಯ’ ಎಂಬ ಸರಳ ಪದವೇ ಸೇರುವ ಮತ್ತು ತೊರೆಯುವ ಸ್ವಾತಂತ್ರ್ಯವನ್ನು, ಅದರೊಡನೆ ಹೊಣೆಯನ್ನು, ಉಳಿಸಿಕೊಡುತ್ತದೆ.