ಸುಟ್ಟ ಎಸ್‌ಎಂಪಿಎಸ್, ಉಬ್ಬಿದ ಎಸ್ಟಿಮೇಟ್

ಕಂಪ್ಯೂಟರ್ ರಿಪೇರಿಯಲ್ಲಿ ದುಬಾರಿ ಬಾಬ್ತು ಯಾವುದೆಂದು ಕೇಳಿದರೆ ಮದರ್‌ಬೋರ್ಡ್ ಅನ್ನುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಅದು ಊಹೆ. ಏನು ಕೆಟ್ಟಿದೆ ಎಂದು ಪರೀಕ್ಷಿಸದೆ ಬರೆದ ಎಸ್ಟಿಮೇಟಿಗೆ ತೆರುವಷ್ಟು ದಂಡ ಇನ್ನಾವುದಕ್ಕೂ ಇಲ್ಲ.

ಮೇ ತಿಂಗಳ ಗುಡುಗುಮಳೆಯಲ್ಲಿ ಕರೆಂಟ್ ಹೋಗಿ ಬಂದಾಗ ನನ್ನ ಆರು ವರ್ಷದ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ‘ಠಪ್’ ಎಂದು ಸುಟ್ಟಿತು. ಅಂಗಡಿಯವರು ಕವರ್ ಬಿಚ್ಚಿ, ವಾಸನೆ ನೋಡಿ ಚೀಟಿ ಬರೆದರು: ಎಸ್‌ಎಂಪಿಎಸ್ 1,200, ಮದರ್‌ಬೋರ್ಡ್ 6,500, ರ‍್ಯಾಮ್ 3,000, ಹಾರ್ಡ್ ಡಿಸ್ಕ್ 3,800. ಒಟ್ಟು 14,500 ರೂಪಾಯಿ. “ಎಲ್ಲಕ್ಕೂ ಹೊಡೆದಿರುತ್ತೆ ಸಾರ್. ಇದಕ್ಕೆ ಹಾಕೋ ಬದಲು ಹೊಸದೇ ತಗೊಂಡುಬಿಡಿ.”

ಹೊಡೆದಿರಬಹುದು, ಹೊಡೆಯದೆಯೂ ಇರಬಹುದು. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿದರೆ ತಾನೇ ಬಂದ್ ಆಗುವ ರಕ್ಷಣೆ ಇರುತ್ತದೆ. ಅದು ತಾನೊಂದೇ ಸತ್ತು ಉಳಿದದ್ದನ್ನು ಉಳಿಸುತ್ತದೆ. ಅಗ್ಗದ ಮಾಲಿನಲ್ಲಿ ಈ ಭರವಸೆ ಕಡಿಮೆ. ಹಾಗಾಗಿ ಮೊದಲ ಖರ್ಚು 400 ರೂಪಾಯಿಯ ಮಲ್ಟಿಮೀಟರಿಗೆ.

ಹಳೆಯ ಎಸ್‌ಎಂಪಿಎಸ್ ಹೊರತೆಗೆದು, 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯ ಪಿನ್ನನ್ನು ಕಪ್ಪು ತಂತಿಯ ಪಿನ್ನಿಗೆ ಸೇರಿಸಿ ಪ್ಲಗ್ ಹಾಕಿದರೆ ಫ್ಯಾನ್ ತಿರುಗಬೇಕು. ನನ್ನದು ಕದಲಲಿಲ್ಲ. ತಿರುಗಿದರೂ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಬರಬೇಕು. ತಂತಿಗಳೆಲ್ಲ ಕಪ್ಪಾಗಿರುವ ಹೊಸ ಮಾದರಿಯಾದರೆ ಈ ಕೆಲಸ ತಿಳಿದವರಿಗೇ ಬಿಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಅನುಮಾನದ ಎಸ್‌ಎಂಪಿಎಸ್ ಅನ್ನು ಮಗಳ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವ ಸಾಹಸವೂ ಬೇಡ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 2,900 ರೂಪಾಯಿ ಕೊಟ್ಟು, ಬಿಲ್ ಸಮೇತ ಹೆಸರುಳ್ಳ ಕಂಪನಿಯ ಎಸ್‌ಎಂಪಿಎಸ್ ತಂದೆ. ಅಂಗಡಿಯ ಚೀಟಿಯಲ್ಲಿದ್ದದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚು, ನಿಜ. ಆದರೆ ಉಳಿತಾಯ ಮಾಡಬಾರದ ಜಾಗ ಇದೊಂದೇ. ಕೇಬಲ್ ಕಳಚಿ ಹಾಕುವ ಮಾದರಿಯಾದರೆ ಹಳೆಯ ಕೇಬಲನ್ನು ಹೊಸದಕ್ಕೆ ಚುಚ್ಚಬೇಡಿ. ಕನೆಕ್ಟರ್ ನೋಡಲು ಒಂದೇ ಥರ ಇದ್ದರೂ ಒಳಗಿನ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟಿನ ಜಾಗಕ್ಕೆ 12 ಹೋದರೆ ಉಳಿದಿದ್ದ ಡಿಸ್ಕೂ ಸುಡುತ್ತದೆ.

ಆಮೇಲೆ ಬರಿಯ ಮದರ್‌ಬೋರ್ಡ್, ಪ್ರೊಸೆಸರ್, ಒಂದೇ ಒಂದು ರ‍್ಯಾಮ್ ಕಡ್ಡಿ. ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಹೊರಗೆ. ಬೋರ್ಡಿನ ಮೇಲೆ ಎಲ್ಲಾದರೂ ಕರಿಕಲೆ ಇದೆಯೇ, ಕೆಪಾಸಿಟರಿನ ತಲೆ ಉಬ್ಬಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ ಸ್ವಿಚ್ ಒತ್ತಿದೆ. ಪರದೆಯ ಮೇಲೆ ಬಯೋಸ್ ಬಂತು! 6,500 ರೂಪಾಯಿಯ ಬಾಬ್ತು ಅಲ್ಲೇ ವಜಾ. ಎರಡನೇ ಕಡ್ಡಿ ಹಾಕಿದಾಗ ಬೀಪ್ ಸದ್ದು, ಕಪ್ಪು ಪರದೆ. ಸ್ಲಾಟ್ ಬದಲಿಸಿದರೂ ಅದೇ ಪಾಡು. ಸತ್ತದ್ದು ಆ ಕಡ್ಡಿ ಮಾತ್ರ. ಉಳಿದದ್ದನ್ನು ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಓಡಿಸಿದೆ, ದೋಷ ಕಾಣಲಿಲ್ಲ.

ಹಾರ್ಡ್ ಡಿಸ್ಕನ್ನು ಕೊನೆಗೆ ಜೋಡಿಸಿದೆ. ಅದರ ಬೆಲೆ 3,800 ಇರಬಹುದು, ಒಳಗಿನ ತೆರಿಗೆ ಕಾಗದ, ಫೋಟೊಗಳಿಗೆ ಬೆಲೆ ಕಟ್ಟಲಾಗದು. ವಾರಂಟಿ ಇದ್ದರೂ ಬದಲಿ ಡಿಸ್ಕ್ ಸಿಗುತ್ತದೆಯೇ ಹೊರತು ಫೈಲುಗಳಲ್ಲ. ಡಿಸ್ಕ್ ಗುರುತು ಸಿಕ್ಕ ಕೂಡಲೇ ಮೊದಲು ಫೈಲುಗಳ ಕಾಪಿ, ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಆರೋಗ್ಯ ತಪಾಸಣೆ. ಈ ಕ್ರಮ ತಿರುಗುಮುರುಗಾಗಬಾರದು. ‘ರೀಅಲೊಕೇಟೆಡ್ ಸೆಕ್ಟರ್’ ಸಂಖ್ಯೆ ಏರುತ್ತಾ ಹೋದರೆ ಡಿಸ್ಕ್ ಬದಲಿಸುವ ಕಾಲ ಬಂತೆಂದೇ ಅರ್ಥ.

ಕೊನೆಯ ಲೆಕ್ಕ: ಮೀಟರ್ 400, ಎಸ್‌ಎಂಪಿಎಸ್ 2,900, ರ‍್ಯಾಮ್ ಕಡ್ಡಿ 1,500, ಒಟ್ಟು 4,800. ಇಂಥದೇ ಸೆಕೆಂಡ್‌ಹ್ಯಾಂಡ್ ಮೆಷೀನಿನ ಬೆಲೆಯ ಅರ್ಧ ದಾಟಿದರೆ ರಿಪೇರಿ ನಿಲ್ಲಿಸುವುದೆಂದು ಮೊದಲೇ ಗೆರೆ ಎಳೆದುಕೊಂಡಿದ್ದೆ. ಅಲ್ಲಿಗೆ ಹೋಗಲೇ ಇಲ್ಲ. ಉಳಿದ 9,700ರಲ್ಲಿ ಬ್ಯಾಕಪ್‌ಗೊಂದು ಹೊರಗಿನ ಡಿಸ್ಕ್ ಬಂತು, ಎಲೆಕ್ಟ್ರಿಷಿಯನ್ನನ್ನು ಕರೆಸಿ ಮನೆಯ ಅರ್ಥಿಂಗ್ ಸರಿಮಾಡಿಸಿದ್ದೂ ಆಯಿತು. ನಿಮ್ಮ ಕೈಗೂ ಇಂಥ ಚೀಟಿ ಬಂದರೆ, ಪ್ರತಿ ಬಾಬ್ತಿನ ಮುಂದೆ “ಇದನ್ನು ಹೇಗೆ ಟೆಸ್ಟ್ ಮಾಡಿದಿರಿ?” ಎಂದು ಕೇಳಿ. ಉತ್ತರ ಬಾರದ ಬಾಬ್ತಿಗೆ ದುಡ್ಡು ಬಿಚ್ಚಬೇಡಿ.